ಮಾರಿದವರ ಹೆಸರು

ಹುನಗುಂದ
12 ಜೂನ್ 2024

ಪ್ರೀತಿಯ ದಾನಿ,

ಇವತ್ತು ಉಪನೋಂದಣಿ ಕಚೇರಿಯ ಸರ್ವರ್ ಬೆಳಗಿನಿಂದಲೇ ಬಂದ್. ಕಾಗದ ಬರೆಸಲು ಬಂದವರು ಬೇವಿನ ಗಿಡದ ಕೆಳಗೆ ಕುಳಿತು ಶೇಂಗಾ ತಿಂದು ಎದ್ದು ಹೋದರು. ಪೆನ್ನು ಕೈಯಲ್ಲಿತ್ತು. ಯಾರದೋ ಹೊಲದ ಚಕ್ಕುಬಂದಿ ಬರೆಯುವ ಬದಲು ನಿನಗಾದರೂ ನಾಲ್ಕು ಸಾಲು ಬರೆಯೋಣ ಅನ್ನಿಸಿತು. ಹೇಗೂ ಗುಡ್ಡ ಹತ್ತದ ಹೊರತು ನಿನ್ನ ಕ್ಯಾಂಪಿನಲ್ಲಿ ಫೋನು ಹತ್ತುವುದಿಲ್ಲ.

ಒಂದು ಕೆಲಸ ಮಾಡಿದ್ದೇನೆ, ಬೈಯಬೇಡ. ನಿನ್ನ ಶಿಲಾಸಾರ ಕಂಪನಿಯ ಷೇರು ತೆಗೆದುಕೊಂಡಿದ್ದೇನೆ. ಹದಿನಾರು ವರ್ಷ ಖರೀದಿ ಪತ್ರ, ಆಸ್ತಿ ಹಂಚಿಕೆಯ ವಾಟ್ನಿ ಪತ್ರ ಬರೆದು ಉಳಿಸಿದ್ದರಲ್ಲಿ ದೊಡ್ಡ ಪಾಲು ಅದಕ್ಕೇ ಹೋಯಿತು. ತಮ್ಮ ಯುವರಾಜ ತನ್ನ ಫೋನಿನಲ್ಲಿ ಎಲ್ಲ ತೋರಿಸಿ, "ಅಕ್ಕಾ, ಬೇವೂರು ಕಡೆ ಬಂಗಾರ ಹುಡುಕಾಕತ್ತಾರ, ನಿನ್ನ ಗೆಳತಿನ ಅಲ್ಲಿ ಕಲ್ಲು ನೋಡಾಕಿ, ಮತ್ತ ಯಾಕ ಅಂಜತಿ?" ಅಂದ. ನನಗೂ ಹಾಗೇ ಅನ್ನಿಸಿತು. ಕಂಪನಿ ಹೇಗಿದೆಯೋ ನನಗೆ ಗೊತ್ತಿಲ್ಲ. ನೀನು ಗೊತ್ತು.

ಅವ್ವನಿಗೆ ಹೇಳಿಲ್ಲ. ಆಕೆ ಕೇಳಿದರೆ ಊಟ ಬಿಡುತ್ತಾಳೆ.

ನೀನು ದೊಡ್ಡದಾಗಿ ಏನೂ ಬರೆಯಬೇಕಿಲ್ಲ. ಇಟ್ಟುಕೊಳ್ಳಲೋ, ಮಾರಲೋ, ಒಂದೇ ಮಾತು ಸಾಕು. ಬಾಗಲಕೋಟೆಯ ಹಾಸ್ಟೆಲ್ಲಿನಲ್ಲಿ ಮೂರು ವರ್ಷ ಒಂದೇ ಡಬ್ಬಿಯ ಚಟ್ನಿಪುಡಿ ತಿಂದವರು ನಾವು.

ನಿನ್ನ
ರಮಾಬಾಯಿ


ಕ್ಯಾಂಪು, ಬೇವೂರು ಹತ್ತಿರ
20 ಜೂನ್ 2024

ರಮಾ,

ಶರಣು. ನಿನ್ನ ಪತ್ರವನ್ನು ನಮ್ಮ ಜೀಪಿನ ಮುಕ್ತಾರ ಪೇಟೆಯಿಂದ ಉಳ್ಳಾಗಡ್ಡಿ ಚೀಲದ ಜೊತೆ ತಂದುಕೊಟ್ಟ. ಎರಡು ಸಲ ಓದಿ ಪೆಟ್ಟಿಗೆಯಲ್ಲಿಟ್ಟೆ.

ನೀನು ಕೇಳಿದ ಒಂದು ಮಾತನ್ನು ನಾನು ಹೇಳುವಂತಿಲ್ಲ. ಇವತ್ತಷ್ಟೇ ಅಲ್ಲ, ಈ ಕಂಪನಿಯಲ್ಲಿ ಇರುವಷ್ಟು ದಿನವೂ ಹೇಳುವಂತಿಲ್ಲ. ಯಾಕೆಂದು ತಿಳಿಸುತ್ತೇನೆ, ಸಿಟ್ಟಾಗದೆ ಓದು.

ಇಲ್ಲಿ ನಾವು ಬೋರ್‌ವೆಲ್ ತೋಡಿದ ಹಾಗೆಯೇ ನೆಲ ಕೊರೆಯುತ್ತೇವೆ. ನಮಗೆ ಬೇಕಾದದ್ದು ನೀರಲ್ಲ, ಕಲ್ಲು. ಆಳದಿಂದ ಬಂದ ಕಲ್ಲಿನ ತುಂಡುಗಳನ್ನು ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿ, ಒಂದೊಂದನ್ನೂ ನೋಡಿ ಬರೆದಿಡುವುದು ನನ್ನ ಕೆಲಸ. ಪ್ರಯೋಗಾಲಯದ ವರದಿ ಮೊದಲು ನನ್ನ ಕೈಗೇ ಬರುತ್ತದೆ. ಅಂದರೆ ಊರಿಗೆ ತಿಳಿಯುವ ಮೊದಲು ನನಗೆ ತಿಳಿಯುತ್ತದೆ. ಅಂಥವರ ಹೆಸರುಗಳ ಪಟ್ಟಿಯೊಂದು ಕಂಪನಿಯಲ್ಲಿದೆ. ಆ ಪಟ್ಟಿಯಲ್ಲಿ ಇರುವವರು ಗಂಡನಿಗೂ ಹೇಳಬಾರದು, ಗೆಳತಿಗೂ ಹೇಳಬಾರದು. ಹೇಳಿದರೆ ಹೇಳಿದವರಿಗೂ ಶಿಕ್ಷೆ, ಕೇಳಿ ಮಾರಿದವರಿಗೂ ಶಿಕ್ಷೆ. ಅದಕ್ಕೆ ನಾನು ಸಹಿ ಮಾಡಿದ್ದೇನೆ.

ನನಗೂ ಕಂಪನಿ ಷೇರು ಕೊಡುತ್ತದೆ. ಸೇರುವಾಗಲೇ ಮಾತಾಗಿತ್ತು, ಇಷ್ಟು ವರ್ಷ ದುಡಿದರೆ ಇಷ್ಟು ನಿನ್ನವು ಅಂತ. ಮೊದಲ ಕಂತು ಈ ವರ್ಷ ಕೈಗೆ ಬರುತ್ತದೆ. ಅದರಲ್ಲೂ ನನ್ನಿಷ್ಟದಂತೆ ಕೊಳ್ಳುವುದು, ಮಾರುವುದು ಇಲ್ಲ. ಏನು ಮಾಡಿದರೂ ಎಲ್ಲರಿಗೂ ಕಾಣುವಂತೆ ಪ್ರಕಟಣೆ ಕೊಡಬೇಕು.

ನಿಮ್ಮವ್ವ ಸಕ್ರವ್ವನ ಮೊಣಕಾಲು ಹೇಗಿದೆ? ಇಲ್ಲಿ ಒಂದು ಹದ ಮಳೆಯಾಗಿದೆ. ಹೆಸರುಕಾಳು ಬಿತ್ತಿದ್ದಾರೆ.

ನಿನ್ನ
ದಾನೇಶ್ವರಿ


ಹುನಗುಂದ
9 ಜುಲೈ 2024

ದಾನಿ,

ಕಾನೂನು ನನಗೆ ಕಲಿಸಬೇಡ. ದಿನಾ ಹತ್ತು ಜನರ ಕಾಗದ ಬರೆಯುವವಳು ನಾನು. ಬಾಯಿಂದ ಹೇಳಬಾರದು, ಬರೆಯಬಾರದು ಅಂದರೆ ಬೇಡ ಬಿಡು. ಹೀಗೆ ಮಾಡು. ನನಗೊಂದು ಖಾಲಿ ಪತ್ರ ಹಾಕು. ಇಟ್ಟುಕೋ ಅನ್ನುವುದಿದ್ದರೆ ಅದರ ಮೂಲೆಗೆ ಅರಿಷಿಣ ಹಚ್ಚು. ಮಾರು ಅನ್ನುವುದಿದ್ದರೆ ಹಚ್ಚಬೇಡ. ನಿನ್ನ ಸಹಿಗೂ ಭಂಗವಿಲ್ಲ, ನನ್ನ ನಿದ್ದೆಗೂ ಭಂಗವಿಲ್ಲ.

ದಾರಿ ಕಾಯುತ್ತಿರುತ್ತೇನೆ.

ರಮಾ


ಹುನಗುಂದ
3 ಸೆಪ್ಟೆಂಬರ್ 2024

ದಾನೇಶ್ವರಿಯವರಿಗೆ,

ಎಂಟು ವಾರ ಕಾದೆ. ಅರಿಷಿಣದ್ದೂ ಬರಲಿಲ್ಲ, ಅರಿಷಿಣವಿಲ್ಲದ್ದೂ ಬರಲಿಲ್ಲ. ಕೆಲಸದಲ್ಲಿದ್ದಾಳೆ, ಪಾಪ, ಅಂದುಕೊಂಡೆ. ಇವತ್ತು ಯುವರಾಜ ಫೋನು ಹಿಡಿದುಕೊಂಡು ಓಡಿ ಬಂದ. ಷೇರುಪೇಟೆಗೆ ನಿನ್ನ ಕಂಪನಿ ಕೊಟ್ಟ ಪ್ರಕಟಣೆ ಅದು. ಅದರಲ್ಲಿ ನಿನ್ನ ಹೆಸರು, ನಿನ್ನ ಹುದ್ದೆ. ಆಗಸ್ಟ್ ಮೂವತ್ತಕ್ಕೆ ಷೇರು ಮಾರಿದ್ದಾಳೆ ಅಂತ ಚೊಕ್ಕವಾಗಿ ಬರೆದಿದೆ. ಕೊಟ್ಟವೇ ಆಗಸ್ಟಿನಲ್ಲಂತೆ. ಕೈಗೆ ಬಂದು ವಾರವಾಗಿಲ್ಲ, ಅಷ್ಟರಲ್ಲೇ ಮಾರಿದ್ದೀ.

ಅದಕ್ಕೇ ಫೋನು ಮಾಡಿದೆ. ಹೇಗೋ ಹತ್ತಿತು. "ಮಾರೀದೇನ?" ಅಂತ ಕೇಳಿದೆ. ನೀನು "ಹೌದು" ಅಂದೆ. "ನನಗ ಯಾಕ ಹೇಳಲಿಲ್ಲ?" ಅಂದೆ. ನೀನು ಸುಮ್ಮನಾದೆ. "ಹಂಗಾರ ನಾನೂ ಈಗ ಮಾರ್ತೇನಿ" ಅಂದೆ. ಆಗಲೂ ನೀನು ಸುಮ್ಮನೇ ಇದ್ದೆ. ನೀನು ಉಸಿರಾಡುವುದು ಕೇಳುತ್ತಿತ್ತು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಫೋನು ಇಟ್ಟ ಮೇಲೆ ಒಂದು ತಾಸಿನಲ್ಲಿ ಎಲ್ಲ ಮಾರಿಸಿದೆ. ಸ್ವಲ್ಪ ಲುಕ್ಸಾನಾಯಿತು. ಅದು ಹೋಗಲಿ. ಮುಳುಗುವ ಹಡಗಿನಿಂದ ನೀನು ಸದ್ದಿಲ್ಲದೆ ಇಳಿದು, ನನ್ನನ್ನು ಅಲ್ಲೇ ಬಿಟ್ಟೆಯಲ್ಲ, ಅದು ಹೋಗುವುದಿಲ್ಲ.

ನಿನ್ನ ನಂಬರನ್ನು ಬ್ಲಾಕ್ ಮಾಡಿದ್ದೇನೆ. ಪತ್ರ ಹಾಕಬೇಡ.

ರಮಾಬಾಯಿ
ಪತ್ರ ಬರಹಗಾರರು, ಹುನಗುಂದ


ಕ್ಯಾಂಪು, ಬೇವೂರು ಹತ್ತಿರ
10 ಸೆಪ್ಟೆಂಬರ್ 2024
(ರಿಜಿಸ್ಟರ್ಡ್ ಅಂಚೆ. ಲಕೋಟೆಯ ಮೇಲೆ ಅಂಚೆಯವರ ಷರಾ: ವಿಳಾಸದಾರರು ನಿರಾಕರಿಸಿದ್ದಾರೆ. ಕಳಿಸಿದವರಿಗೆ ವಾಪಸು.)

ರಮಾ,

ಈಗಾಗಲೇ ಎಲ್ಲರಿಗೂ ತಿಳಿದದ್ದನ್ನು ಮಾತ್ರ ಬರೆಯುತ್ತೇನೆ. ಅಷ್ಟನ್ನು ಬರೆಯಲು ಅಡ್ಡಿಯಿಲ್ಲ.

ನನಗೆ ಷೇರು ಕೈಗೆ ಬಂದ ದಿನವೇ ಅದನ್ನು ಸಂಬಳವೆಂದು ಲೆಕ್ಕ ಹಿಡಿದು ತೆರಿಗೆ ಹಾಕುತ್ತಾರೆ. ಅಷ್ಟು ತೆರಿಗೆ ಕಟ್ಟಲು ನನ್ನ ಹತ್ತಿರ ಏನಿದೆ? ಅದೇ ಷೇರಿನಲ್ಲಿ ಒಂದು ಪಾಲು ಮಾರಿ ಕಟ್ಟಬೇಕು. ಒಳಗಿನ ಸುದ್ದಿ ಗೊತ್ತಿರುವ ನನ್ನಂಥವರು ಮನಸ್ಸು ಬಂದ ದಿನ ಮಾರಬಾರದು ಅಂತ, ಯಾವ ದಿನ ಎಷ್ಟು ಮಾರುತ್ತೇನೆ ಅನ್ನುವುದನ್ನು ಆರು ತಿಂಗಳು ಮೊದಲೇ ಬರೆದುಕೊಡಬೇಕು. ಫೆಬ್ರವರಿಯಲ್ಲಿ ಬರೆದುಕೊಟ್ಟೆ. ಆಗ ನಾವು ಈ ಜಾಗದಲ್ಲಿ ಒಂದು ಅಡಿಯನ್ನೂ ಕೊರೆದಿರಲಿಲ್ಲ. ಕೊಟ್ಟ ಮೇಲೆ ಬದಲಿಸುವಂತಿಲ್ಲ, ನಿಲ್ಲಿಸುವಂತಿಲ್ಲ. ಆ ಕಾಗದವೂ ಅದೇ ಷೇರುಪೇಟೆಯ ತಾಣದಲ್ಲಿ ಫೆಬ್ರವರಿಯ ತಾರೀಕಿನಲ್ಲೇ ಇದೆ. ಯುವರಾಜನಿಗೆ ತೆಗೆದು ತೋರಿಸಲು ಹೇಳು. ಉಳಿದ ಮುಕ್ಕಾಲು ಪಾಲು ಷೇರು ಈಗಲೂ ನನ್ನ ಹೆಸರಿನಲ್ಲೇ ಇವೆ.

ಜುಲೈನಿಂದ ಯಾಕೆ ಬರೆಯಲಿಲ್ಲ ಅಂದೆ. ಅರಿಷಿಣ ಹಚ್ಚಿದರೆ ಒಂದು ಅರ್ಥ, ಹಚ್ಚದಿದ್ದರೆ ಒಂದು ಅರ್ಥ ಅಂತ ನೀನು ಬರೆದ ಮೇಲೆ ಯಾವ ಪತ್ರ ಹಾಕಲಿ? ಸಕ್ರವ್ವನ ಕಾಲು ಹೇಗಿದೆ ಅಂತ ಒಂದು ಕಾರ್ಡು ಹಾಕಿದರೂ ನೀನು ಅದರ ಮೂಲೆ ನೋಡುತ್ತಿದ್ದೆ. ಮೂರು ಸಲ ಬರೆಯಲು ಕುಳಿತು ಎದ್ದೆ.

ದಾನಿ


ಇಳಕಲ್
18 ನವೆಂಬರ್ 2024

ರಮಾ,

ಇದನ್ನು ಮುಕ್ತಾರನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನಿಗೆ "ಆಕಿ ಓದೂತನ ಅಲ್ಲೇ ನಿಂದ್ರು" ಅಂತ ಹೇಳಿದ್ದೇನೆ. ನೀನು ವಾಪಸು ಕಳಿಸಿದ ಲಕೋಟೆಯೂ ಒಡೆಯದೆ ಹಾಗೆಯೇ ಇದರ ಜೊತೆಗಿದೆ. ಮೊದಲು ಅದನ್ನು ಓದು.

ಅಕ್ಟೋಬರ್ ಹದಿನಾಲ್ಕಕ್ಕೆ ಕಂಪನಿ ಫಲಿತಾಂಶ ಪ್ರಕಟಿಸಿದ್ದನ್ನು ನೋಡಿರಬೇಕು. ಕೊರೆದ ಹನ್ನೊಂದು ಕಡೆ ಎಲ್ಲೂ ಹೇಳಿಕೊಳ್ಳುವಂಥದ್ದು ಸಿಗಲಿಲ್ಲ. ಷೇರು ಅರ್ಧಕ್ಕಿಂತ ಕೆಳಗೆ ಬಿತ್ತು. ಅದಕ್ಕೆ ಮೊದಲು ಯಾರು ಯಾರು ಮಾರಿದರು ಅಂತ ಕಂಪನಿ ಷೇರುದಾರರ ಪಟ್ಟಿ ತೆಗೆದು ನೋಡಿತು. ಅದರಲ್ಲಿ ನಿನ್ನ ಹೆಸರಿದೆ. ಸೆಪ್ಟೆಂಬರ್ ಮೂರರಂದು ಎಲ್ಲವನ್ನೂ ಒಮ್ಮೆಗೇ ಮಾರಿದವಳು ನೀನು. ನಾನು ಯಾವ ಕಾಲೇಜಿನಲ್ಲಿ ಓದಿದೆ ಅಂತ ಸೇರುವಾಗಲೇ ಬರೆದುಕೊಟ್ಟಿದ್ದೆ, ತಾಳೆ ನೋಡಿದಾಗ ನೀನೂ ಅಲ್ಲೇ ಓದಿದವಳು ಅಂತ ತಿಳಿಯಿತು. ಫೋನಿನ ದಾಖಲೆ ಕೇಳಿದರು, ಕೊಟ್ಟೆ. ಹನ್ನೊಂದು ಗಂಟೆಗೆ ನೀನು ನನ್ನ ಜೊತೆ ಮಾತಾಡಿದ್ದೀ, ಹನ್ನೆರಡರೊಳಗೆ ಮಾರಿದ್ದೀ. ನಾನು ನಿನಗೆ ಗುಟ್ಟು ಹೇಳಿದೆ, ಅದಕ್ಕೇ ನೀನು ಪಾರಾದೆ ಅಂತ ಅವರ ಅನುಮಾನ. ಅನುಮಾನ ಬರುವಂತೆಯೇ ಇದೆ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ.

ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಅಂದಿದ್ದಾರೆ. ಇಳಕಲ್ಲಿನಲ್ಲಿ ಅವ್ವನ ಮನೆಯಲ್ಲಿದ್ದೇನೆ. ಕ್ಯಾಂಪಿಗೆ ರಜೆ ಅಂತ ಹೇಳಿದ್ದೇನೆ. ಅವ್ವ ನಂಬಿದ ಹಾಗೆ ಮಾಡುತ್ತಿದ್ದಾಳೆ. ತಪ್ಪು ಅಂತ ತೀರ್ಮಾನವಾದರೆ ನೌಕರಿ ಹೋಗುತ್ತದೆ, ವರದಿ ಷೇರುಪೇಟೆಯ ನಿಯಂತ್ರಕರಿಗೆ ಹೋಗುತ್ತದೆ, ನಿನ್ನ ಮೇಲೂ ಪ್ರಕರಣವಾಗುತ್ತದೆ.

ಇನ್ನೊಂದು. ಸೆಪ್ಟೆಂಬರಿನಲ್ಲೇ ನನ್ನ ಮೇಲೆ ಕಂಪನಿಗೆ ಹೆಸರಿಲ್ಲದ ಒಂದು ದೂರು ಹೋಗಿತ್ತು. ಅದರ ವಿಚಾರವನ್ನೂ ಇದರ ಜೊತೆಯಲ್ಲೇ ಮಾಡುತ್ತಾರೆ.

ನಿನ್ನನ್ನೂ ಕರೆಸುತ್ತಾರೆ, ಡಿಸೆಂಬರ್ ಐದಕ್ಕೆ, ಬಾಗಲಕೋಟೆಗೆ. ಬರಲೇಬೇಕು ಅನ್ನುವ ಜಬರ್ದಸ್ತಿಯಿಲ್ಲ. ಏನು ಹೇಳಬೇಕೆಂದು ನಾನು ಹೇಳಿಕೊಡುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳು, ಸಾಕು.

ದಾನೇಶ್ವರಿ


ಹುನಗುಂದ
7 ಡಿಸೆಂಬರ್ 2024

ದಾನಿ,

ಮುಕ್ತಾರ ನಿಂತೇ ಇದ್ದ. ನಾನು ಮೊದಲು ಹಳೆಯ ಲಕೋಟೆ ಒಡೆದೆ. ಓದಿ ಮುಗಿಸಿದಾಗ ಅವನು, "ಬಾಯಾರ, ನೀರು ತರಲೇನ್ರಿ?" ಅಂತ ಕೇಳಿದ. ನನ್ನ ಮುಖ ಹಾಗಾಗಿತ್ತೋ ಏನೋ. ಅವನು ಹೋದ ಮೇಲೆ ಯುವರಾಜನನ್ನು ಕೂಡಿಸಿಕೊಂಡು ಫೆಬ್ರವರಿಯ ಕಾಗದ ಹುಡುಕಿಸಿದೆ. ಎರಡು ನಿಮಿಷದಲ್ಲಿ ಸಿಕ್ಕಿತು. ತಾರೀಕು, ನಿನ್ನ ಹೆಸರು, ಆಗಸ್ಟ್ ಮೂವತ್ತು, ಎಲ್ಲ ಇತ್ತು. ಊರಿನ ಜನಕ್ಕೆಲ್ಲ "ಹಿಂದಿನ ಕಾಗದಾ ನೋಡದ ಸಹಿ ಮಾಡಬ್ಯಾಡ್ರಿ" ಅಂತ ಬುದ್ಧಿ ಹೇಳುವವಳು ನಾನು.

ಮೊನ್ನೆ ಬಾಗಲಕೋಟೆಗೆ ಹೋಗಿದ್ದೆ. ಬೆಳಗಿನ ಬಸ್ಸು. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಯೋಚಿಸಿದೆ. ಎರಡು ದಾರಿಗಳಿದ್ದವು. ಒಂದು, ನನಗೆ ಯಾರೂ ಏನೂ ಹೇಳಿಲ್ಲ ಅಂದು ಸುಮ್ಮನಾಗುವುದು. ಅದನ್ನು ಯಾರು ನಂಬುತ್ತಾರೆ? ಇನ್ನೊಂದು ದಾರಿಯನ್ನು ನಿನಗೆ ಈ ಪತ್ರದಲ್ಲಿ ಹೇಳುತ್ತೇನೆ. ಮೊದಲು ಅವರಿಗೆ ಹೇಳಿದೆ, ಆಮೇಲೆ ನಿನಗೆ ಹೇಳುತ್ತಿದ್ದೇನೆ. ಅದು ನನ್ನ ಹೇಡಿತನ.

ಮೂವರು ಕುಳಿತಿದ್ದರು. ಕೇಳುತ್ತಿದ್ದವರು ಅಮರೇಶ ಅಂತ, ವಕೀಲರು, ಸಣ್ಣ ದನಿ.

"ಸೆಪ್ಟೆಂಬರ್ ಮೂರಕ್ಕ ಫೋನ್ ಮಾಡಿದವರು ಯಾರ್ರಿ?"

"ನಾನ ರಿ."

"ದಾನೇಶ್ವರಿಯವರು ಏನಂದ್ರು?"

"ಮಾರೀದೇನ ಅಂದೆ. ಹೌದು ಅಂದ್ಲು. ಮುಂದ ಏನೂ ಅನ್ನಲಿಲ್ರಿ."

"ಏನೂ ಅನ್ನದವರ ಮಾತು ಕೇಳಿ ಯಾರಾದ್ರೂ ಒಂದು ತಾಸಿನ್ಯಾಗ ಎಲ್ಲಾ ಮಾರ್ತಾರೇನ್ರಿ, ರಮಾಬಾಯಿಯವರ?"

"ಸಿಟ್ಟು ಬಂದ್ರ ಮಾರ್ತಾರ್ರಿ."

ಅವರು ನಕ್ಕರು. ನಂಬಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ಸಿಟ್ಟಿಗೆ ಏನರ ಪುರಾವೆ ಐತೇನ್ರಿ?" ಅಂದರು.

"ಐತ್ರಿ," ಅಂದೆ. "ನಿಮ್ಮ ಫೈಲಿನ್ಯಾಗ ಐತಿ. ಆಕಿ ಮ್ಯಾಲ ಹೆಸರಿಲ್ಲದ ದೂರು ಬಂದೈತಲ್ರಿ, ಅದನ್ನ ಬರದಾಕಿ ನಾನ."

ಬರೆದವಳು ನಾನೇ, ದಾನಿ. ಸೆಪ್ಟೆಂಬರ್ ಮೂರಕ್ಕೇ, ಷೇರು ಮಾರಿಸಿ ಬಂದ ಕೈಯಲ್ಲೇ, ನನ್ನದೇ ಕಂಪ್ಯೂಟರಿನಲ್ಲಿ ಬರೆದೆ. ಷೇರುಪೇಟೆಯ ಆ ಪ್ರಕಟಣೆಯ ಪ್ರತಿಯನ್ನು ಲಗತ್ತಿಸಿದೆ. "ಒಳಗಿನ ಸುದ್ದಿ ತಿಳಿದು ತಾನು ಮಾರಿಕೊಂಡು, ನಂಬಿದವರಿಗೆ ತಿಳಿಸದೆ ವಂಚಿಸಿದ್ದಾಳೆ" ಅಂತ ಬರೆದೆ. ಅಂದೇ ಅಂಚೆಗೆ ಹಾಕಿದೆ. ಬೇರೆಯವರ ಜಗಳದ ಅರ್ಜಿಗಳನ್ನು ಬರೆದು ಬರೆದು ನನ್ನ ಕೈ ಪಳಗಿಹೋಗಿದೆ. ಒಂದು ಅಕ್ಷರವೂ ತಪ್ಪಲಿಲ್ಲ.

ಅಮರೇಶ ಅವರು ಫೈಲು ತಿರುವಿ ಲಕೋಟೆ ತೆಗೆದರು. ಹುನಗುಂದದ ಅಂಚೆ ಮುದ್ರೆ, ಸೆಪ್ಟೆಂಬರ್ ಮೂರು. ಬಹಳ ಹೊತ್ತು ಅದನ್ನೇ ನೋಡಿದರು. ಗುಟ್ಟು ಹೇಳಿ ಉಳಿಸಿದ ಗೆಳತಿಯ ಮೇಲೆ ಅದೇ ದಿನ, ಹೇಳಲಿಲ್ಲ ಅಂತ ಯಾರು ದೂರು ಕೊಡುತ್ತಾರೆ? ಅವರು ಕೇಳುವ ಮೊದಲೇ ನನ್ನ ಕಂಪ್ಯೂಟರಿನಲ್ಲಿದ್ದ ಪ್ರತಿಯನ್ನೂ ಪೆನ್‌ಡ್ರೈವಿನಲ್ಲಿ ಕೊಟ್ಟೆ. ನಿನ್ನ ಜೂನಿನ ಪತ್ರ ಕೊಟ್ಟೆ. ಅರಿಷಿಣದ ಮಾತು ಬರೆದದ್ದು ನಾನೇ ಅಂತಲೂ ಹೇಳಿದೆ. ಮುಚ್ಚಿಡಲು ಇನ್ನೇನೂ ಉಳಿಯಲಿಲ್ಲ.

"ಇದನ್ನ ನಿಮ್ಮ ಗೆಳತಿಗೆ ಹೇಳೀರೇನ್ರಿ?" ಅಂತ ಕೇಳಿದರು.

"ಇಲ್ರಿ. ಹೇಳಿದ ಮ್ಯಾಲ ಗೆಳತಿ ಇರ್ತಾಳೋ ಇಲ್ಲೋ ಗೊತ್ತಿಲ್ರಿ."

ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ನಿಂತೇ ಬಂದೆ. ಕಾಲು ನೋಯಲಿಲ್ಲ. ಮೂರು ತಿಂಗಳಿಂದ ಎದೆಯ ಮೇಲೆ ಕುಳಿತದ್ದು ಇಳಿದಿತ್ತು. ನೀನು ನನ್ನ ಜೊತೆ ಮಾತು ಬಿಟ್ಟರೂ ಬಿಡು. ನೌಕರಿ ಬಿಡಬೇಡ.

ರಮಾಬಾಯಿ


ಕ್ಯಾಂಪು, ಬೇವೂರು ಹತ್ತಿರ
19 ಜನವರಿ 2025

ರಮಾ,

ಶರಣು ಶರಣಾರ್ಥಿ. ಮೇಲೆ ಬರೆದ ಊರಿನ ಹೆಸರು ನೋಡಿದೆಯಾ? ಕ್ಯಾಂಪಿಗೆ ಬಂದಿದ್ದೇನೆ. ಶುಕ್ರವಾರ ಇಲ್ಲಿಗೇ ಕರೆಸಿ ಆದೇಶ ಕೈಗೆ ಕೊಟ್ಟರು. ಗುಟ್ಟು ಹೊರಗೆ ಹೋಗಿಲ್ಲ, ಮಾರಾಟ ಮೊದಲೇ ಗೊತ್ತುಮಾಡಿದ್ದು, ರಮಾಬಾಯಿ ಅವರು ಸಾರ್ವಜನಿಕ ಪ್ರಕಟಣೆ ಓದಿ ತಮ್ಮಷ್ಟಕ್ಕೆ ಮಾರಿದ್ದಾರೆ ಅಂತ ಮೂರು ಸಾಲಿನಲ್ಲಿ ಮುಗಿಸಿದ್ದಾರೆ. ವರದಿ ನಿಯಂತ್ರಕರಿಗೂ ಹೋಗಿದೆ. ನಿನ್ನ ಮೇಲೆ ಏನೂ ಇಲ್ಲ. ನನ್ನ ಮೇಲೆ ಏನೂ ಇಲ್ಲ. ಓದಿ ಹೊರಗೆ ಬಂದು, ಕಲ್ಲಿನ ಪೆಟ್ಟಿಗೆಯ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತೆ. ಮುಕ್ತಾರ ಹೆದರಿ, "ಮೇಡಮ್ಮಾರ, ಸೋತ್ರೇನ್ರಿ?" ಅಂದ. "ಇಲ್ಲೋ ಮಾರಾಯಾ, ಗೆದ್ದೆ" ಅಂದೆ. ಗುಡ್ಡ ಹತ್ತಿ ಫೋನು ಮಾಡಿ ಅವ್ವನಿಗೂ ಹೇಳಿದೆ. "ನನಗ ಗೊತ್ತಿತ್ತು, ರಜಾ ಕೊಟ್ಟವರು ಯಾರರ ದಿನಾ ಫೈಲು ಓದ್ತಾರೇನು?" ಅಂದಳು.

ಈಗ ಆ ದೂರಿನ ಮಾತು. ಸೆಪ್ಟೆಂಬರ್ ಕೊನೆಯಲ್ಲೇ ನನ್ನ ಉತ್ತರ ಕೇಳಲು ಅದರ ಪ್ರತಿ ಕೊಟ್ಟಿದ್ದರು. ಮೊದಲ ಸಾಲಿನಲ್ಲೇ "ಸದರಿ ದಾನೇಶ್ವರಿ ಇವರು ಸ್ವಸಂತೋಷದಿಂದ ಹಾಗೂ ಯಾರ ಒತ್ತಾಯವಿಲ್ಲದೆ ಷೇರುಗಳನ್ನು ಮಾರಿದ್ದು" ಅಂತ ಇತ್ತು. ಖರೀದಿ ಪತ್ರದ ಭಾಷೆ. ಯಾರು ಬರೆದದ್ದು ಅಂತ ಅಲ್ಲೇ ಗೊತ್ತಾಯಿತು. ಸಂಕಟವಾಯಿತು, ನಿಜ. ಎರಡು ದಿನ ಊಟ ಸೇರಲಿಲ್ಲ. ಅವರು "ಯಾರ ಮ್ಯಾಲರ ಸಂಶಯ ಐತೇನ್ರಿ?" ಅಂತ ಕೇಳಿದರು. ಇಲ್ಲ ಅಂದೆ. ನಿನ್ನ ಹೆಸರು ಹೇಳಿದ್ದರೆ ನಾನು ಆಗಲೇ ಪಾರಾಗುತ್ತಿದ್ದೆ ಅಂತ ಈಗ ತಿಳಿಯುತ್ತಿದೆ. ಆಗ ಅಷ್ಟು ಲೆಕ್ಕ ಹೊಳೆಯಲಿಲ್ಲ. ಹೊಳೆದಿದ್ದರೂ ನಿನ್ನ ಹೆಸರು ನನ್ನ ಬಾಯಿಂದ ಬರುವುದು ಬೇಡವಾಗಿತ್ತು. ಅದನ್ನು ನೀನೇ ಹೇಳಬೇಕಿತ್ತು. ಹೇಳಿದೆ.

ನನ್ನದೂ ಒಂದಿದೆ. ಸೆಪ್ಟೆಂಬರ್ ಮೂರಕ್ಕೆ ನೀನು ಫೋನು ಮಾಡಿದಾಗ ಎಂಟು ಕಡೆಯ ವರದಿ ನನ್ನ ಮೇಜಿನ ಮೇಲಿತ್ತು. ಎಲ್ಲ ಬರೀ ಕಲ್ಲು. ಜುಲೈನಿಂದ ಒಂದೊಂದಾಗಿ ಬರುತ್ತಿತ್ತು. ಒಂದೊಂದು ಬಂದಾಗಲೂ ನಿನ್ನ ಹದಿನಾರು ವರ್ಷ ನೆನಪಾಗುತ್ತಿತ್ತು. ನೀನು "ನಾನೂ ಮಾರ್ತೇನಿ" ಅಂದೆಯಲ್ಲ, ಆಗ ನಾನು ಸುಮ್ಮನಿದ್ದೆ ಅಂತ ಸಿಟ್ಟಾದೆ. ನಾನು ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡಿದ್ದೆ, ರಮಾ. ತೆರೆದಿದ್ದರೆ "ಮಾರು, ಈಗಲೇ ಮಾರು" ಅಂತ ಬರುತ್ತಿತ್ತು. ನೀನು ಫೋನು ಇಟ್ಟ ಮೇಲೆ ನನಗೆ ಸಂತೋಷವಾಯಿತು. ನೀನು ನನ್ನನ್ನು ಬೈದು ಬಿಟ್ಟುಹೋದೆ, ನನಗೆ ಸಂತೋಷವಾಯಿತು. ಅದನ್ನೂ ಅಮರೇಶ ಅವರಿಗೆ ಮುಚ್ಚಿಡದೆ ಹೇಳಿದೆ. ಅವರು, "ಸಂತೋಷ ಪಡೋದು ಅಪರಾಧ ಅಲ್ರಿ" ಅಂದರು.

ಬರುವ ತಿಂಗಳು ಕ್ಯಾಂಪು ಕಿತ್ತು ಬಾದಾಮಿ ಕಡೆಗೆ ಹೊರಡುತ್ತೇವೆ. ಅದಕ್ಕೆ ಮೊದಲು ಒಂದು ಭಾನುವಾರ ಬಿಡುವಿದೆ.

ನಿನ್ನ
ದಾನಿ


ಹುನಗುಂದ
24 ಜನವರಿ 2025

ದಾನಿ,

ನಿನ್ನ ಪತ್ರವನ್ನು ಗಿಡದ ಕೆಳಗೆ ಓದಲು ಶುರುಮಾಡಿ, ಅರ್ಧಕ್ಕೆ ನಿಲ್ಲಿಸಿ, ಮನೆಗೆ ಬಂದು ಬಾಗಿಲು ಹಾಕಿಕೊಂಡು ಮುಗಿಸಿದೆ. ಗಿರಾಕಿ ಒಬ್ಬ ಕಾಯುತ್ತಿದ್ದ, ಅವನಿಗೆ ನಾಳೆ ಬಾ ಅಂದೆ. ಹದಿನಾರು ವರ್ಷದಲ್ಲಿ ಇದೇ ಮೊದಲು.

ಅವ್ವನಿಗೆ ಎಲ್ಲ ಹೇಳಿದೆ. ಷೇರು ಕೊಂಡದ್ದು, ಮಾರಿದ್ದು, ದೂರು, ಬಾಗಲಕೋಟೆ. ಊಟ ಬಿಡುತ್ತಾಳೆ ಅಂದುಕೊಂಡಿದ್ದೆ. ಬಿಡಲಿಲ್ಲ. ನಿನಗೆ ಸಂತೋಷವಾಯಿತು ಅಂತ ಬರೆದ ಸಾಲನ್ನು ಎರಡು ಸಲ ಓದಿಸಿಕೊಂಡಳು. ಆಮೇಲೆ, "ನೀ ಬಾಯಿಗೆ ಬಂದಂಗ ಬೈಯಾಕತ್ತಾಗ ಆಕಿ ಅಲ್ಲಿ ಕುಂತು ನಿನ್ನ ರೊಕ್ಕ ಉಳೀಲಿ ಅಂತ ದೇವರನ್ನ ನೆನಸಾಕತ್ತಿದ್ಲು. ಹುಚ್ಚಿ, ಈಗರ ಆಕೀನ್ನ ಊಟಕ್ಕ ಕರಿ" ಅಂದಳು.

ಇವತ್ತು ಮಧ್ಯಾಹ್ನ ಉಂಡು ಮಲಗಿದವಳು ಸಂಜೆ ಐದಕ್ಕೆ ಎದ್ದೆ. ಯುವರಾಜ ಬಂದು, ಮೈಗೆ ಹುಷಾರಿಲ್ಲವೇನೋ ಅಂತ ಹಣೆ ಮುಟ್ಟಿ ನೋಡಿದ. ಹುಷಾರಿದ್ದೇನೆ, ನಿದ್ದೆ ಬಂದಿತ್ತು ಅಷ್ಟೇ ಅಂದೆ.

ನಿನಗೆ ಬಿಡುವಿರುವ ಆ ಭಾನುವಾರ ಹತ್ತು ಗಂಟೆಯ ಬಸ್ಸಿಗೆ ಬಾ. ನಿಲ್ದಾಣಕ್ಕೆ ನಾನೇ ಬರುತ್ತೇನೆ. ಎದುರಿಗೆ ನಿಂತು ತಪ್ಪಾಯಿತು ಅನ್ನುವುದು ಬಾಕಿಯಿದೆ, ಅದನ್ನು ಪತ್ರದಲ್ಲಿ ಮುಗಿಸಲಾರೆ. ನಡುವೆ ನಾನು ಅತ್ತರೆ ನೀನು ಸುಮ್ಮನಿರಬೇಡ, ಏನಾದರೂ ಮಾತಾಡು.

ನಿನ್ನ
ರಮಾ